ಅಪ್ಪಯ್ಯಣ್ಣನ ಕಂಪ್ಯೂಟರ್ ಕಾವಲು

"ದೊಡ್ಡಬಳ್ಳಾಪುರದ ಕಂಪ್ಯೂಟರೆಲ್ಲಾ ಲೂಟಿಯಾಗಿ ಹೋಗ್ಲಿ! ನನ್ನ ಕಂಪ್ಯೂಟರೊಳಕ್ಕೆ ಒಂದು ಸೊಳ್ಳೆ ನುಗ್ಗಲಿ ನೋಡೋಣ! ನುಗ್ಗಿದ್ರೆ ನಾನು ಅಪ್ಪಯ್ಯಣ್ಣನೇ ಅಲ್ಲ!"

ಅಪ್ಪಯ್ಯಣ್ಣ ನಡುಮನೆಯಲ್ಲಿ ನಿಂತು ಹೀಗೆ ಗುಡುಗಿದಾಗ ಕೇಳಿಸಿಕೊಳ್ಳಲು ಇದ್ದವರು ಇಬ್ಬರೇ. ಹೆಂಡತಿ ಅಂಜಿನಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಮಗಳು ದಿವ್ಯ ಸೋಂಪುರದ ಫ್ಯಾಕ್ಟರಿ ಬಸ್ಸು ತಪ್ಪೀತೆಂಬ ಅವಸರದಲ್ಲಿ ಜಡೆ ಹಾಕಿಕೊಳ್ಳುತ್ತಿದ್ದಳು.

"ಸೊಳ್ಳೆ ಬಂದ್ರೆ ಪರದೆ ಕಟ್ಕೊಳ್ಳಿ. ನನ್ ಕಿವೀಲಿ ಯಾಕೆ ಕಿರುಚ್ತೀರಾ?" ಎಂದಳು ಅಂಜಿನಮ್ಮ.

ಅಪ್ಪಯ್ಯಣ್ಣ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು, ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಬರಿಸುವವನು. ಓದಿದ್ದು ಐದನೇ ಕ್ಲಾಸು. ಆರನೆಯದಕ್ಕೆ ಮೇಷ್ಟ್ರೂ ಅವನೂ ಒಂದೇ ಕೋಣೆಯಲ್ಲಿ ಇರುವುದು ಸಾಧ್ಯವಾಗಲಿಲ್ಲ. ಮೋಟಾರು ವೋಲ್ಟೇಜ್ ಏರುಪೇರಾದರೆ ಸುಡುತ್ತದೆ. ಅಪ್ಪಯ್ಯಣ್ಣ ವೋಲ್ಟೇಜ್ ಸರಿಯಾಗಿದ್ದರೂ ಸುಡುತ್ತಿದ್ದ!

ಕಂಪ್ಯೂಟರ್ ತಂದದ್ದು ದಿವ್ಯ. ಅಂಗಡಿಯ ಬಿಲ್ಲು ಬರೆಯಲು ಅನುಕೂಲವಾಗಲಿ ಎಂದು ಒಂದು ಇ-ಮೇಲ್ ವಿಳಾಸವನ್ನೂ ಮಾಡಿಕೊಟ್ಟಿದ್ದಳು. ಅಪ್ಪಯ್ಯಣ್ಣ ಅದರತ್ತ ತಿರುಗಿಯೂ ನೋಡಿರಲಿಲ್ಲ. ಆದರೆ ಆನ್‌ಲೈನ್ ಕಳ್ಳರ ಬಗ್ಗೆ ಪೊಲೀಸಿನವರು ಒಂದು ಸಭೆ ಕರೆದರು. ಉಪ್ಪಿಟ್ಟು ಕೊಡುತ್ತಾರಂತೆ ಎಂದು ಹೋದವನು ಸೇನಾಧಿಪತಿಯಾಗಿ ಹಿಂದಿರುಗಿದ. ಗುರುತಿಲ್ಲದವರು ಕಳಿಸಿದ ಫೈಲು ತೆರೆಯಬಾರದು. ಹುಟ್ಟಿದ ತಾರೀಖು, ಹುಟ್ಟಿದೂರು, ತಾಯಿಯ ತವರು, ಇವೆಲ್ಲ ಖಜಾನೆಯ ಬೀಗದ ಕೈಗಳು, ಯಾರಿಗೂ ಬಾಯಿಬಿಡಬಾರದು. ಮರ್ಯಾದೆಯಾಗಿ ಮಾತಾಡುತ್ತಾ "ಬೇಗ ಹೇಳಿ, ಬೇಗ ಹೇಳಿ" ಎಂದು ಅವಸರ ಮಾಡುವವನು ನೂರಕ್ಕೆ ನೂರು ಕಳ್ಳ!

ಕಾವಲು ಅವತ್ತೇ ಶುರುವಾಯಿತು. ಪರದೆಯ ಮೂಲೆಯಲ್ಲಿ "ಅಪ್‌ಡೇಟ್ ಮಾಡಿ" ಎಂದು ಒಂದು ಚೀಟಿ ಇಣುಕಿದ್ದೇ ತಡ, ಅಪ್ಪಯ್ಯಣ್ಣ ಪ್ಲಗ್ಗು ಕಿತ್ತ.

"ಅಪ್ಪಾ! ಅದು ವೈರಸ್ ತಡೆಯೋ ಸಾಫ್ಟ್‌ವೇರು. ಅಪ್‌ಡೇಟ್ ಮಾಡ್ಲಿಲ್ಲಾ ಅಂದ್ರೇನೇ ಕಳ್ಳರು ನುಗ್ಗೋದು!" ಎಂದು ದಿವ್ಯ ಕೂಗಿಕೊಂಡಳು.

"ಕಾವಲುಗಾರ ಆದ್ರೆ ಹೊರಗೆ ನಿಂತು ಕಾಯ್ಲಿ! ಒಳಗೆ ಅವನಿಗೇನು ಕೆಲಸ?"

ನೀವು ಕಾರು ಗೆದ್ದಿದ್ದೀರಿ ಎಂದು ಇನ್ನೊಂದು ಚೀಟಿ ಬಂತು. "ನಾನು ಆಡ್ದೇ ಇರೋ ಆಟದಲ್ಲಿ ಹೆಂಗಲಾ ಗೆದ್ದೆ?" ಎಂದು ಅದಕ್ಕೂ ಮಂಗಳಾರತಿಯಾಯಿತು. ಕೊನೆಗೆ ಇಂಟರ್‌ನೆಟ್ಟಿನ ಡಬ್ಬಿಯೇ ಬೀರುವಿನೊಳಗೆ, ರೇಷ್ಮೆ ಸೀರೆಗಳ ನಡುವೆ ಸೆರೆಯಾಯಿತು. ಬೆಳಿಗ್ಗೆ ಒಂದು ಸಲ ಮಾತ್ರ ಅದನ್ನು ಹೊರತೆಗೆದು, ಬಂದ ಪತ್ರಗಳನ್ನೆಲ್ಲ ಅಪ್ಪಯ್ಯಣ್ಣ ಖುದ್ದಾಗಿ ತಪಾಸಣೆ ಮಾಡುತ್ತಿದ್ದ.

ಇತ್ತ, ಅಪ್ಪಯ್ಯಣ್ಣನೊಬ್ಬನನ್ನು ಬಿಟ್ಟು ಮನೆಯ ಗೋಡೆಗಳಿಗೂ ಗೊತ್ತಿದ್ದ ಸಂಗತಿ ಒಂದಿತ್ತು. ಸೋಂಪುರದ ಫ್ಯಾಕ್ಟರಿಯಲ್ಲೇ ಕೆಲಸ ಮಾಡುವ ನಂದಗುಡಿಯ ಭಾನುಪ್ರಕಾಶ್ ಮತ್ತು ದಿವ್ಯ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ನೇರವಾಗಿ ಹೇಳಿದರೆ ಎರಡೂ ಮನೆಯ ಯಜಮಾನರು ಹೊತ್ತಿ ಉರಿಯುವ ಪೈಕಿ! ಅದಕ್ಕೇ ಅಂಜಿನಮ್ಮ ನಲ್ಲೂರಿನಲ್ಲಿರುವ ತನ್ನ ಅಣ್ಣ ಜವರಪ್ಪನ ಕೈಲಿ, ಏನೂ ಗೊತ್ತಿಲ್ಲದವರ ಹಾಗೆ, ಆ ಮನೆಗೆ ಸಂಬಂಧದ ಸುದ್ದಿ ಮುಟ್ಟಿಸಿದ್ದಳು. ಜವರಪ್ಪ ಭಾನುವಾರ ಬಂದು ಭಾವನಿಗೆ ನಯವಾಗಿ ವಿಷಯ ತಿಳಿಸುವುದೆಂದು ತೀರ್ಮಾನವಾಗಿತ್ತು. ಜವರಪ್ಪನಿಂದ ಫೋನ್ ನಂಬರು, ಮೇಲ್ ವಿಳಾಸ ಪಡೆದಿದ್ದ ಹುಡುಗನ ಕಡೆಯವರಿಗೆ ಭಾನುವಾರದವರೆಗೆ ತಾಳ್ಮೆ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ತಪಾಸಣೆಯಲ್ಲಿ ಒಂದು ಪತ್ರ ಸಿಕ್ಕಿತು. "ಜಾತಕ ಮತ್ತು ಫೋಟೋ ಲಗತ್ತಿಸಿದೆ, ದಯವಿಟ್ಟು ತೆರೆದು ನೋಡಿ."

"ದಯವಿಟ್ಟು ಅಂತೆ!" ಎಂದು ಹಲ್ಲು ಕಡಿದ ಅಪ್ಪಯ್ಯಣ್ಣ ಅದನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ಅಳಿಸಿ, ಆಮೇಲೆ ಕೈ ತೊಳೆದುಕೊಂಡ!

ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನು ಬಂತು. ಅಂಜಿನಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದಳು.

"ನಮಸ್ಕಾರ ಯಜಮಾನ್ರೇ. ನಾವು ನಂದಗುಡಿ ವೆಂಕಟರಾಮಪ್ಪ ಅಂತ. ಒಂದು ಫೈಲ್ ಕಳ್ಸಿದ್ವಿ, ತೆಗೆದು ನೋಡಿದ್ರಾ?"

ಅಪ್ಪಯ್ಯಣ್ಣನ ಕಿವಿ ಮೊಲದ ಕಿವಿಯಾಯಿತು. "ಇಲ್ವಲ್ಲಾ. ಯಾಕೆ ಸ್ವಾಮಿ?"

"ಪರ್ವಾಗಿಲ್ಲ ಬಿಡಿ. ಹುಡುಗಿ ಹುಟ್ಟಿದ ತಾರೀಖು, ಹೊತ್ತು, ಹುಟ್ಟಿದೂರು, ಇಷ್ಟು ಹೇಳ್ಬಿಡಿ ಸಾಕು."

"ಹಂಗಾ? ಇನ್ನೇನಾದ್ರೂ ಬೇಕಾಗಿತ್ತಾ?" ಅಪ್ಪಯ್ಯಣ್ಣನ ದನಿಯಲ್ಲಿ ಜೇನು ತೊಟ್ಟಿಕ್ಕುತ್ತಿತ್ತು.

"ಹುಡುಗಿ ತಾಯಿ ತವರು ಯಾವೂರು ಅಂತಾನೂ ಹೇಳ್ಬಿಡಿ. ಸ್ವಲ್ಪ ಬೇಗ ಯಜಮಾನ್ರೇ. ಜೋಯಿಸರು ಮುಂದೇನೇ ಕೂತವ್ರೆ, ರಾಹುಕಾಲ ಬಂದ್ಬಿಡುತ್ತೆ."

ತಾರೀಖು ಕೇಳಿದ, ಊರು ಕೇಳಿದ, ತವರು ಕೇಳಿದ, ಬೇಗ ಎಂದ, ಅದರ ಮೇಲೆ ಮರ್ಯಾದೆ ಬೇರೆ! ಸಭೆಯಲ್ಲಿ ಹೇಳಿದ ಕಳ್ಳ ಇವನೇ, ಸಾಕ್ಷಾತ್ ಇವನೇ!

"ಲೇ ಕಳ್ ನನ್ಮಗನೇ! ಕಳ್ತನಕ್ಕೆ ಜೋಯಿಸನ್ನೂ ಜೊತೆಗಿಟ್ಕೊಂಡಿದ್ದೀಯೇನಲಾ? ರಾಹುಕಾಲ ಬಿಟ್ಟು ಒಳ್ಳೇ ಮುಹೂರ್ತದಲ್ಲಿ ದೋಚ್ತೀಯಾ? ನನ್ನ ಮಗಳ ತಾರೀಖು ಕೇಳೋಕೆ ನೀನ್ಯಾವನಲಾ? ತಲೆ ಹೋದ್ರೂ ಹೇಳಲ್ಲ! ನಿನ್ನ ಕಾಯಿಲ್ ಸುಟ್ಟೋಗ! ನಿನ್ನ ಬೇರಿಂಗ್ ಹಿಡ್ಕೊಳ್ಳ!"

ಆ ಕಡೆಯಿಂದ "ಏನ್ರೀ ನೀವು..." ಎಂಬಷ್ಟು ಕೇಳಿಸಿತು. ಅಪ್ಪಯ್ಯಣ್ಣ ಫೋನು ಕಟ್ ಮಾಡಿ, ನಂಬರು ಬ್ಲಾಕ್ ಮಾಡಿದ. ಅಷ್ಟಕ್ಕೇ ನಿಂತಿದ್ದರೆ ನಮ್ಮ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಲೋಕಕ್ಕೆ ಉಪಕಾರವಾಗಲಿ ಎಂದು ಮೋಟಾರು ರಿಪೇರಿಯವರ ವಾಟ್ಸಾಪ್ ಗುಂಪಿನಲ್ಲಿ ಡಂಗುರ ಸಾರಿದ: "ಎಚ್ಚರಿಕೆ! ಈ ನಂಬರಿನಿಂದ ನಂದಗುಡಿ ವೆಂಕಟರಾಮಪ್ಪ ಎಂದು ಹೇಳಿಕೊಂಡು ಮರ್ಯಾದೆಯಾಗಿ ಮಾತಾಡುವವನು ಮಹಾ ಕಳ್ಳ. ಜೊತೆಗೊಬ್ಬ ಜೋಯಿಸನೂ ಇದ್ದಾನೆ. ಎಲ್ಲರಿಗೂ ಕಳಿಸಿ!"

ಎಲ್ಲರೂ ಎಲ್ಲರಿಗೂ ಕಳಿಸಿದರು.

ಹಿಟ್ಟಿನ ಡಬ್ಬಿ ಹೊತ್ತು ಬಂದ ಅಂಜಿನಮ್ಮನ ಮುಂದೆ ಅಪ್ಪಯ್ಯಣ್ಣ ತನ್ನ ಪರಾಕ್ರಮವನ್ನು ಬಣ್ಣಿಸಿದ. ಅವಳು ಡಬ್ಬಿಯನ್ನು ಇಳಿಸಲಿಲ್ಲ, ಕೈಬಿಟ್ಟಳು.

"ಅಯ್ಯೋ ನನ್ ಕರ್ಮವೇ! ಅವ್ರು ನಮ್ ದಿವ್ಯನ್ನ ತಮ್ಮ ಮಗನಿಗೆ ಕೇಳೋಕೆ ಫೋನ್ ಮಾಡಿದೋರು ಕಣ್ರೀ! ತಾರೀಖಿಲ್ದೆ ಜಾತಕ ಹೆಂಗೆ ನೋಡ್ತಾರೆ?"

ರಾಗಿಹಿಟ್ಟಿನ ಮೋಡದೊಳಗೆ ನಿಂತಿದ್ದ ಅಪ್ಪಯ್ಯಣ್ಣ ಒಂದು ಕ್ಷಣ ತಬ್ಬಿಬ್ಬಾದ. ಒಂದೇ ಕ್ಷಣ. "ಬೀಗರಾದ್ರೆ ಏನು? ಕಳ್ಳನ ಥರಾ ಮಾತಾಡಿದ್ರೆ ಕಳ್ಳನಿಗೆ ಸಿಗೋದೇ ಸಿಗೋದು! ಮೊದ್ಲು ಪ್ರೂಫ್ ತೋರಿಸ್ಬೇಕಾಗಿತ್ತು!"

"ಹೆಣ್ಣು ಕೇಳೋಕೆ ಯಾವೋನು ಪ್ರೂಫ್ ತರ್ತಾನೆ?"

"ಇನ್ಮೇಲೆ ತರ್ಲಿ!"

ಸಂಜೆ ದಿವ್ಯ ಬಂದಳು. "ಬಸ್ಸಲ್ಲಿ ಎಲ್ಲರ ಮೊಬೈಲಿಗೂ ಬಂದೈತಪ್ಪಾ. ನಂದಗುಡಿ ಡೈರಿ ಗುಂಪಲ್ಲೂ ಬಂದೈತಂತೆ. ವೆಂಕಟರಾಮಪ್ಪನೋರು ಹಾಲು ಹಾಕೋಕೆ ಹೋದ್ರೆ ಎಲ್ಲಾ ಅವ್ರನ್ನೇ ನೋಡ್ತಾ ಇದ್ರಂತೆ" ಎಂದಳು. ಜಗಳ ಆಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಕಿರುಚುವ ಮೋಟಾರಿಗೆ ಅಪ್ಪಯ್ಯಣ್ಣ ಹೆದರಿದವನಲ್ಲ. ಕರೆಂಟಿದ್ದೂ ಸದ್ದಿಲ್ಲದೆ ನಿಂತ ಮೋಟಾರು ಕಂಡರೆ ಮಾತ್ರ ಅವನ ಎದೆ ಧಸಕ್ಕೆನ್ನುತ್ತಿತ್ತು. ಮಗಳ ತಟ್ಟೆಯ ಮುದ್ದೆ ಹಾಗೇ ಆರಿತು. ಅಪ್ಪಯ್ಯಣ್ಣ ಮೆಲ್ಲನೆ ಹಿತ್ತಲಿಗೆ ಹೋಗಿ, ಯಾರಿಗೂ ಕಾಣದಂತೆ ಆ ನಂಬರಿನ ಬ್ಲಾಕ್ ತೆಗೆದು ಫೋನು ಮಾಡಿದ. ಎಷ್ಟು ಸಲ ಮಾಡಿದರೂ ಹತ್ತಲಿಲ್ಲ. ವೆಂಕಟರಾಮಪ್ಪನೂ ಇವನನ್ನು ಬ್ಲಾಕ್ ಮಾಡಿದ್ದ!

"ನೋಡು, ಎಂಥಾ ಕೋಪಿಷ್ಠ!" ಎಂದು ಅಪ್ಪಯ್ಯಣ್ಣ ಹಿತ್ತಲಿನ ಕರಿಬೇವಿನ ಗಿಡಕ್ಕೆ ದೂರು ಹೇಳಿದ.

ಮಾರನೇ ಬೆಳಿಗ್ಗೆ ಮನೆ ಮುಂದೆ ಆಟೋ ನಿಂತಿತು. ಇಳಿದವರು ನಂದಗುಡಿ ವೆಂಕಟರಾಮಪ್ಪ ಮತ್ತು ಅವನ ಹೆಂಡತಿ ಮುತ್ಯಾಲಮ್ಮ. ವೆಂಕಟರಾಮಪ್ಪ ಆಧಾರ್ ಕಾರ್ಡನ್ನು ಎದೆಯ ಮುಂದೆ ಹಿಡಿದು ಗೇಟಿನಲ್ಲಿ ನಿಂತ.

"ನಾನೇ ಸ್ವಾಮಿ ಆ ಮಹಾ ಕಳ್ಳ! ಪ್ರೂಫ್ ನೋಡ್ಕೊಳ್ಳಿ!"

"ಡೂಪ್ಲಿಕೇಟ್ ಕಾರ್ಡೂ ಸಿಗ್ತವೆ..." ಎಂದು ಅಪ್ಪಯ್ಯಣ್ಣ ಶುರುಮಾಡಿದ್ದ. ಅಂಜಿನಮ್ಮ ಹಿಂದಿನಿಂದ ಚಿವುಟಿದ ರಭಸಕ್ಕೆ "ಬನ್ನಿ, ಒಳಗ್ಬನ್ನಿ" ಎಂದು ಮುಗಿಸಿದ.

ವೆಂಕಟರಾಮಪ್ಪ ಬೆಂಚಿನ ತುದಿಯಲ್ಲಿ ಕೂತು ಮೀಸೆ ತೀಡಿದ. "ನಾನು ಬರ್ಬಾರ್ದು ಅಂತಿದ್ದೆ. ಮಗ ಊಟ ಬಿಟ್ಟವ್ನೆ. ಕಣ್ಣಲ್ಲಿ ನೋಡ್ದೇ ಇರೋ ಹುಡುಗಿಗೆ ಯಾಕೆ ಊಟ ಬಿಟ್ಟ ಅಂತ ನಮಗಿನ್ನೂ ಅರ್ಥ ಆಗಿಲ್ಲ." ಬಾಗಿಲ ಸಂದಿಯಲ್ಲಿದ್ದ ದಿವ್ಯ ಕಿವಿಯವರೆಗೂ ಕೆಂಪಾದಳು. "ಅದಿರ್ಲಿ. ನಿಮ್ಮ ಲೆಕ್ಕದಲ್ಲೇ ಹೋಗಾಣ. ಹುಡುಗಿ ತಂದೆ ನೀವೇ ಅನ್ನೋದಕ್ಕೆ ಏನ್ ಗ್ಯಾರಂಟಿ? ಯಾರೋ ಕಳ್ಳ ಮನೆಗೆ ನುಗ್ಗಿ ಯಜಮಾನನ ಥರಾ ಕೂತಿರ್ಬೋದು! ಮಗಳು ಹುಟ್ಟಿದ ತಾರೀಖು ನಿಮ್ಮ ಬಾಯಲ್ಲೇ ಹೇಳಿ. ಹೇಳಿದ್ರೆ ಇವತ್ತೇ ಹೂವು ಮುಡಿಸಿ ಹೋಗ್ತೀವಿ. ಇಲ್ದಿದ್ರೆ ಆಟೋ ಬಾಗಿಲಲ್ಲೇ ನಿಂತೈತೆ."

"ಅಷ್ಟೇ ತಾನೇ!" ಎಂದು ಅಪ್ಪಯ್ಯಣ್ಣ ಎದೆಯುಬ್ಬಿಸಿದ. ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಇತ್ತು.

ಮೇಲೆ ನೋಡಿದ. ಫ್ಯಾನು ತಿರುಗುತ್ತಿತ್ತು. ಗೋಡೆಯ ಕ್ಯಾಲೆಂಡರ್ ನೋಡಿದ. ಅದು ಈ ವರ್ಷದ್ದು, ಪ್ರಯೋಜನಕ್ಕಿಲ್ಲ.

"ಅದೂ... ಆ ವರ್ಷ ಕೆರೆ ಕೋಡಿ ಬಿದ್ದಿತ್ತು. ನಾನು ಹೊಸಾ ವೈಂಡಿಂಗ್ ಮಿಷನ್ ತಂದಿದ್ದೆ. ಭಾನುವಾರ! ಭಾನುವಾರ ಅನ್ನೋದು ಮಾತ್ರ ಗ್ಯಾರಂಟಿ, ಅಂಗಡಿ ಮುಚ್ಚಿತ್ತು."

"ಮಂಗಳವಾರ" ಎಂದಳು ಅಂಜಿನಮ್ಮ. "ಅಂಗಡಿ ಮುಚ್ಚಿದ್ದು ಕರೆಂಟಿಲ್ಲಾ ಅಂತ."

ವೆಂಕಟರಾಮಪ್ಪ ಎದ್ದೇಬಿಟ್ಟ. ಬಾಗಿಲ ಸಂದಿಯಿಂದ ಒಂದು ಬಿಕ್ಕು ಕೇಳಿಸಿತು. ಅಪ್ಪಯ್ಯಣ್ಣ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತರೂ ಬಾಯಿ ಸೋಲೊಪ್ಪಲಿಲ್ಲ.

"ನಿಂತ್ಕೊಳ್ಳಿ ಸ್ವಾಮಿ! ನನಗೊಬ್ಬನಿಗೇ ಯಾಕೆ ಪರೀಕ್ಷೆ? ನಿಮ್ಮ ಮಗ ಹುಟ್ಟಿದ ತಾರೀಖು ನೀವು ಹೇಳಿ ನೋಡಾಣ!"

"ಅದೇನು ಮಹಾ! ನಮ್ಮ ಭಾನು ಹುಟ್ಟಿದ್ದು..." ವೆಂಕಟರಾಮಪ್ಪನ ಕಣ್ಣೂ ಫ್ಯಾನಿಗೆ ಹೋಯಿತು. "ಆಲೂಗಡ್ಡೆ ಕೀಳೋ ಕಾಲ... ಸೀಮೆಹಸು ಕರು ಹಾಕಿತ್ತು... ಮುತ್ಯಾಲೂ, ಯಾವತ್ತೇ?"

"ಹಸು ಕರು ಹಾಕಿದ ತಾರೀಖು ಕೇಳಿ, ಥಟ್ ಅಂತ ಹೇಳ್ತಾರೆ" ಎಂದಳು ಮುತ್ಯಾಲಮ್ಮ. "ಬನ್ನಿ ಅಂಜಿನಮ್ಮಾ, ನಾವು ಒಳಗ್ ಹೋಗಾಣ. ಇವ್ರನ್ನ ನಂಬ್ಕೊಂಡ್ರೆ ಮಕ್ಕಳಿಗೆ ಮದುವೆ ಆದಂಗೇ!"

ಕಾಫಿ ಕುದಿಯುವಷ್ಟರಲ್ಲಿ ಒಳಗೆ ತಾರೀಖು, ಹೊತ್ತು, ನಕ್ಷತ್ರ, ಪಾದ ಎಲ್ಲ ಅದಲುಬದಲಾದವು. ಇಬ್ಬರ ತವರಿನ ಕಡೆಯಿಂದ ಒಂದು ದೂರದ ನೆಂಟಸ್ತಿಕೆಯೂ ಪತ್ತೆಯಾಯಿತು. ಮುತ್ಯಾಲಮ್ಮ ಅಲ್ಲಿಂದಲೇ ಜೋಯಿಸರಿಗೆ ಫೋನು ಮಾಡಿ ಎಲ್ಲ ಒಪ್ಪಿಸಿದಳು. ಕಳ್ಳರ ಗುಂಪಿಗೆ ತಮ್ಮನ್ನೂ ಸೇರಿಸಿದ ಕೋಪದಲ್ಲಿದ್ದರೂ, ಕೂಡಿ ಬರುತ್ತದೆ ಎಂದೇ ಜೋಯಿಸರು ಹೇಳಿದರು. ಮುತ್ಯಾಲಮ್ಮ ದಿವ್ಯಳ ಜಡೆಗೆ ಮಲ್ಲಿಗೆ ಮುಡಿಸಿದಳು. ಹೊರಗೆ ಇಬ್ಬರು ಯಜಮಾನರು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು, ಲೋಟದೊಳಗೆ ಮುಖ ಹುದುಗಿಸಿ ಕಾಫಿ ಹೀರಿದರು.

ಆಟೋ ಹೋದ ಮೇಲೆ ಅಪ್ಪಯ್ಯಣ್ಣನಿಗೆ ದನಿ ಮರಳಿತು.

"ನೀನು ಏನೇ ಅನ್ನು ಅಂಜಿನಿ, ನನ್ನ ಕಾವಲಲ್ಲಿ ಲೋಪ ಇಲ್ಲ! ಇಷ್ಟೆಲ್ಲಾ ಆದ್ರೂ ಆ ತಾರೀಖು ನನ್ನ ಬಾಯಿಂದ ಹೊರಗೆ ಬಂತಾ? ಯಾವ ಕಳ್ಳನಿಗಾದ್ರೂ ಸಿಕ್ತಾ?"

"ಎಲ್ಲಿಂದ ಸಿಗುತ್ತೆ?" ಎಂದಳು ಅಂಜಿನಮ್ಮ, ಲೋಟ ಎತ್ತಿಕೊಳ್ಳುತ್ತಾ. "ಈ ಮನೇಲಿ ಕಳ್ಳರ ಭಯ ಇಲ್ದಿರೋ ಜಾಗ ಅಂದ್ರೆ ನಿಮ್ಮ ತಲೆ ಒಂದೇ. ಬಾಗಿಲು ಹಾರುಹೊಡೆದಿಟ್ರೂ ಚಿಂತೆ ಇಲ್ಲ. ನುಗ್ಗಿದ ಕಳ್ಳನೇ ಪಾಪ ಅಂತ ಏನಾದ್ರೂ ಇಟ್ಟು ಹೋಗ್ತಾನೆ!"