ಮೊದಲ ಮುದ್ರಣದ ಬಯಕೆ

ನಮಗೆ ಮೊಮ್ಮಗಳು ಹುಟ್ಟಿದ್ದಾಳೆ! ನಿನ್ನೆ ಮಧ್ಯಾಹ್ನ, ಸಕಲೇಶಪುರದ ಆಸ್ಪತ್ರೆಯಲ್ಲಿ. ತಾಯಿ, ಮಗು ಇಬ್ಬರೂ ಕ್ಷೇಮ. ಎದುರು ಸಿಕ್ಕವರಿಗೆಲ್ಲ ಹೇಳಿ ಮುಗಿಸಿದರೂ ಹೇಳುವ ಆಸೆ ತೀರಲಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಒತ್ತಕ್ಷರ ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ.

ಎಲ್ಲರೂ ಮಗುವಿನ ಮೂಗು ನೋಡಿದರು, ಬಣ್ಣ ನೋಡಿದರು. ನಾನು ನೋಡಿದ್ದು ಕಿವಿ. ಯಾಕೆ ಅಂತೀರಾ? ಅದಕ್ಕೆ ನಮ್ಮ ಅಳಿಯನೇ ಕಾರಣ. ಅವರಂಥ ಅಳಿಯ ಸುತ್ತಮುತ್ತ ಎಲ್ಲೂ ಇಲ್ಲ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಮುಟ್ಟಿದ್ದರೆ ಎಷ್ಟೋ ವಾಸಿ ಇತ್ತು ಎಂದು ನಾನು ದೇವರ ಮುಂದೆ ಹೇಳಿಕೊಂಡದ್ದೂ ಉಂಟು.

ಮಾರನಹಳ್ಳಿ ಹತ್ತಿರದ ಎಸ್ಟೇಟೊಂದರಲ್ಲಿ ಅವರು ರೈಟರ್. ಆಳುಗಳ ಹಾಜರಿ, ಕಾಫಿ ತೂಕ ಬರೆಯುವ ಕೆಲಸ. ಅವರಿಗೆ ಒಬ್ಬ ಲೇಖಕರೆಂದರೆ ಪ್ರಾಣ. ಆದರೆ ಆ ಲೇಖಕರ ಪುಸ್ತಕ ಮೊಟ್ಟಮೊದಲು ಅಚ್ಚಾದಾಗಿನ ಪ್ರತಿಯೇ ಬೇಕು. ಆಮೇಲೆ ಅಚ್ಚಾದದ್ದನ್ನು ಓದುತ್ತಾರೆ, ಮೊದಲನೆಯದನ್ನು ಪೂಜೆ ಮಾಡುತ್ತಾರೆ.

ಮಗ್ಗೆಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನವೇ ಇದು ಗೊತ್ತಾಗಬೇಕಿತ್ತು. ಮಗಳು ಕಾಫಿ ಹಿಡಿದು ಮುಂದೆ ನಿಂತಿದ್ದಾಳೆ. ಇವರ ಕಣ್ಣು ಗೋಡೆಯ ಗೂಡಿನ ಮೇಲೆ. ಅಲ್ಲಿ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಭಾರಕ್ಕೆಂದು ಒಂದು ಹಳೇ ಪುಸ್ತಕ ಇಟ್ಟಿದ್ದೆ. ಎದ್ದು ಹೋಗಿ ತೆಗೆದರು, ಒಳಗೆ ನೋಡಿದರು, ಮುಖ ಸಪ್ಪಗಾಯಿತು. ಅವರ ಚಿಕ್ಕಪ್ಪ, "ಏನಪ್ಪಾ, ಒಪ್ಪಿಗೆನಾ?" ಎಂದು ಕೇಳಿದರು.

"ಎರಡನೇ ಮುದ್ರಣ," ಎಂದು ಇವರು ನಿಟ್ಟುಸಿರುಬಿಟ್ಟರು.

ನಮ್ಮ ಯಜಮಾನರು ನನ್ನ ಕಿವಿಯಲ್ಲಿ, "ಲೇ, ಇವನು ಹುಡುಗಿ ನೋಡಕ್ಕೆ ಬಂದನಾ, ಉಪ್ಪಿನಕಾಯಿ ನೋಡಕ್ಕೆ ಬಂದನಾ?" ಎಂದರು. ಮಗಳು ಕಿಸಕ್ಕನೆ ನಕ್ಕಳು. ಆ ನಗುವಿನಲ್ಲೇ ಮದುವೆ ಗಟ್ಟಿಯಾಯಿತು.

ಮದುವೆಯಾದ ಹೊಸತರಲ್ಲೇ ಕುಂದೂರಿನ ಒಂದು ಹಳೇ ಮನೆಯಲ್ಲಿ ಅವರಿಗೆ ಆ ಲೇಖಕರ ಮೊದಲನೇ ಪುಸ್ತಕದ ಮೊದಲನೇ ಮುದ್ರಣ ಸಿಕ್ಕಿತು. ಬದಲಿಗೆ ನಾವು ಮದುವೆಯಲ್ಲಿ ಕೊಟ್ಟ ಕೈಗಡಿಯಾರ ಬಿಚ್ಚಿಕೊಟ್ಟು ಬಂದರು. ಯಜಮಾನರು ಬೇಕೆಂದೇ, "ಗಂಟೆ ಎಷ್ಟು ಅಳಿಯಂದ್ರೆ?" ಎಂದರೆ, ಬರೀ ಕೈ ನೋಡಿಕೊಂಡು ಆಮೇಲೆ ಸೂರ್ಯನನ್ನು ನೋಡಿ, "ಹನ್ನೊಂದಿರಬೇಕು ಮಾವ," ಎಂದರು.

ಆ ಪುಸ್ತಕದ ವಿಶೇಷವೇನು ಗೊತ್ತೇ? ಅದನ್ನು ಅದುವರೆಗೆ ಯಾರೂ ಓದಿರಲಿಲ್ಲ. ಅಚ್ಚಿನವರು ಹಾಳೆಗಳ ಮಡಿಕೆ ಕತ್ತರಿಸುವುದನ್ನೇ ಮರೆತಿದ್ದರು. ಚಾಕು ಹಾಕದೆ ಒಳಗಿನ ಪುಟ ಬಿಡಿಸಲಾಗದು. ಹಾಕಿದರೆ ಅಪರೂಪದ್ದು ಎಂಬ ಹೆಸರು ಹೋಗುತ್ತದೆ. ಅಳಿಯ ಸೋಪು ಹಾಕಿ ಕೈ ತೊಳೆದು, ಒರೆಸಿ, ಎರಡು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಿದ್ದರು. ಮಗಳಿಗೆ ಧೂಳು ಒರೆಸಲೂ ಅಪ್ಪಣೆ ಇರಲಿಲ್ಲ. ಅವಳನ್ನು ಬಾಣಂತನಕ್ಕೆ ಜೀಪಿನಲ್ಲಿ ಕರೆತಂದಾಗಲೂ, "ಅಮ್ಮ, ಮುಂದಿನ ಸೀಟಲ್ಲಿ ಪುಸ್ತಕದ ಪೆಟ್ಟಿಗೆ ಕೂತಿತ್ತು, ನಾವಿಬ್ರೂ ಹಿಂದೆ," ಎಂದು ನಗುತ್ತಾ ಇಳಿದಳು. ವಾಪಸು ಹೋಗುವಾಗಲೂ ಆ ಪೆಟ್ಟಿಗೆ ಮುಂದಿನ ಸೀಟಿನಲ್ಲೇ ಹೋಯಿತು.

ಬಸುರಿಗೆ ಬಯಕೆ ಸಹಜ ತಾನೇ? ಒಂದು ಭಾನುವಾರ ಅಳಿಯ ಮಾವಿನಕಾಯಿ, ಚಕ್ಕೋತ ಎಲ್ಲ ಹೊತ್ತು ತಂದರು.

"ನಂಗೆ ಇದೆಲ್ಲ ಬ್ಯಾಡ," ಎಂದಳು ಮಗಳು. "ಆ ಪುಸ್ತಕದೊಳಗೆ ಏನೈತೆ ಅಂತ ಓದಿ ಹೇಳಿ. ಮದುವೆ ಆದಾಗಿಂದ ಅದ್ರ ಜೊತೆ ಒಂದೇ ಮನೇಲಿದೀನಿ, ಅದ್ರ ಹೊಟ್ಟೇಲಿ ಏನೈತೆ ಗೊತ್ತಿಲ್ಲ."

"ಅದೇ ಕಥೆ ಹೊಸ ಪುಸ್ತಕದಲ್ಲೂ ಐತೆ ಕಣೆ, ತಂದ್ಕೊಡ್ತೀನಿ."

"ನಂಗೆ ಅದೇ ಬೇಕು."

"ಅದನ್ನ ಕುಯ್ದ್ರೆ ಎಲ್ಲ ಹೋಗ್ಬುಡ್ತೈತೆ," ಎಂದು ಅಳಿಯ ತಲೆ ತಗ್ಗಿಸಿದರು.

ನನಗೆ ತಡೆಯಲಾಗಲಿಲ್ಲ. "ಅಳಿಯಂದ್ರೆ, ಬಸುರಿ ಬಯಕೆ ತೀರಿಸ್ದೇ ಇದ್ರೆ ಹುಟ್ಟೋ ಮಗೀಗೆ ಕಿವಿ ಸೋರ್ತೈತೆ."

"ಡಾಕ್ಟ್ರು ಹಂಗೇನಿಲ್ಲ ಅಂತಾರೆ ಅತ್ತೆ."

"ಡಾಕ್ಟ್ರು ಬಸುರಿ ಆಗಿದ್ರಾ?"

ಆಮೇಲಿನ ನನ್ನ ಪಾಡು ಯಾರಿಗೂ ಬೇಡ. ದಾರಿಯಲ್ಲಿ ಯಾವ ಮಗು ಕಿವಿ ಉಜ್ಜಿಕೊಂಡರೂ ನನ್ನೆದೆ ಧಸಕ್ಕೆನ್ನುತ್ತಿತ್ತು. ಹೆರಿಗೆಗೆ ಇನ್ನೂ ದಿನವಿದೆ, ಅಷ್ಟರಲ್ಲಿ ಅವರ ಮನಸ್ಸು ಕರಗೀತು ಎಂದುಕೊಂಡಿದ್ದೆ. ನಿನ್ನೆ ಬೆಳಿಗ್ಗೆ, ಹೇಳಿದ ದಿನಕ್ಕಿಂತ ಮೊದಲೇ ನೋವು ಬಂತು.

ಎಸ್ಟೇಟ್ ಆಫೀಸಿಗೆ ಫೋನು ಮಾಡಿ, ಮಗಳನ್ನು ಆಸ್ಪತ್ರೆಗೆ ಸೇರಿಸಿದೆವು. ಅಳಿಯ ಯಾವುದೋ ಲಾರಿ ಹತ್ತಿ ಬಂದರು, ಮೈಯೆಲ್ಲ ಧೂಳು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಅದೇ ಪುಸ್ತಕ. ನನಗೆ ಮೈ ಉರಿಯಿತು.

"ಹೆಂಡ್ತಿ ಹೆರಿಗೆಗೂ ಅದನ್ನ ಕಟ್ಕಂಡು ಬಂದ್ರಾ?"

"ಒಳಗೆ ಕರ್ಕಂಡು ಹೋಗ್ಬುಟ್ರಾ ಅತ್ತೆ?" ಎಂದು ಮುಚ್ಚಿದ ಬಾಗಿಲು ನೋಡಿದರು. ಬೆಂಚಿನ ಮೇಲೆ ಕೂತು ಟವೆಲು ಬಿಚ್ಚಿದರು. ಕೈ ತೊಳೆಯಲಿಲ್ಲ. ಅದನ್ನು ಕಂಡೇ ನನಗೆ ಭಯವಾಯಿತು.

"ಅತ್ತೆ, ತಲೆ ಪಿನ್ನು ಕೊಡಿ."

ಕೊಟ್ಟೆ. ಪಿನ್ನನ್ನು ಮಡಿಕೆಯೊಳಗೆ ತೂರಿಸಿ ಎಳೆದರು; ಪರ್ರೆಂದು ಹಾಳೆ ಬಿಟ್ಟುಕೊಂಡಿತು. ಅಂಚು ನಾಯಿ ಕಚ್ಚಿದ ಹಾಗಾಯಿತು.

"ಹುಟ್ಟೋದ್ರೊಳಗೆ ಓದಿದ್ರೆ ಲೆಕ್ಕಕ್ಕೆ ಬರ್ತೈತಾ ಅತ್ತೆ?"

"ಬರ್ತೈತೆ. ಓದಿ, ಬೇಗ ಓದಿ."

ಎದ್ದು ನಿಂತು ಬಾಗಿಲಿಗೆ ಬಾಯಿಟ್ಟು ಓದತೊಡಗಿದರು. ಕಳೆದುಹೋದ ಎತ್ತನ್ನು ಊರೂರು ಹುಡುಕಿಕೊಂಡು ಹೋಗುವವನ ಕಥೆ. ನರ್ಸು ಬಾಗಿಲು ತೆರೆದು, "ರೀ, ಇದೇನು ಆಸ್ಪತ್ರೆನಾ, ಇಸ್ಕೂಲಾ?" ಎಂದು ಗದರಿದಳು.

ಒಳಗಿನಿಂದ ಮಗಳ ದನಿ, ನೋವಿನ ನಡುವೆ: "ಬೈಬೇಡಿ ಸಿಸ್ಟರ್. ರೀ, ಎತ್ತು ಸಿಕ್ತಾ?"

"ಇನ್ನೂ ಇಲ್ಲ ಕಣೆ. ಇನ್ನೊಂದು ಹಾಳೆ ಕುಯ್ಬೇಕು."

ಕುಯ್ದರು, ಓದಿದರು, ಮತ್ತೆ ಕುಯ್ದರು. ಎತ್ತು ಇನ್ನೂ ಸಿಕ್ಕಿರಲಿಲ್ಲ, ಒಳಗೆ ಮಗು ಅತ್ತಿತು. ಅಳಿಯ ಪುಸ್ತಕವನ್ನು ಬೆಂಚಿನ ಮೇಲೆ ಬೋರಲು ಹಾಕಿ ನಲ್ಲಿಯ ಕಡೆ ಓಡಿದರು. ಸೋಪು ಹಾಕಿ ಕೈ ತೊಳೆದು, ಒರೆಸಿ, ಎರಡು ಅಂಗೈ ಮೇಲೆ ಮಗುವನ್ನು ಇಟ್ಟುಕೊಂಡರು. ಕಣ್ಣು ತುಂಬಿಕೊಂಡಿತ್ತು.

ನನಗೆ ಮಾತ್ರ ಒಳಗೊಳಗೇ ಪುಕುಪುಕು. ಅರ್ಧ ಕಥೆಗೆ ಅರ್ಧ ಬಯಕೆ ತೀರಿದ ಹಾಗಾಯಿತಲ್ಲ? ಹಾಗಾದರೆ ಒಂದು ಕಿವಿಯಾದರೂ ಸೋರುವುದೇ?

ಸಂಜೆ ಯಜಮಾನರು ಮನೆಯಿಂದ ಕ್ಯಾರಿಯರ್ ತಂದರು. ಬಾಣಂತಿಗೆ ಮೆಣಸಿನ ಸಾರು ಅನ್ನ, ನಮಗೆ ಅವರೆಕಾಳು ಸಾರು. ಮಂಚದ ಸುತ್ತ ಎಲ್ಲರೂ ತಟ್ಟೆ ಹಿಡಿದು ಕೂತೆವು. ಅಳಿಯ ಎಡಗೈಯಲ್ಲಿ ಪುಸ್ತಕ ಹಿಡಿದು, ಒಂದು ತುತ್ತು ಉಣ್ಣುವುದು, ಒಂದು ಪುಟ ಓದುವುದು. ಓದುತ್ತಾ ಓದುತ್ತಾ ಸಾರಿನ ಹನಿ ಪುಟದ ನಟ್ಟನಡುವೆ ಬಿತ್ತು. ನಾವೆಲ್ಲ ಉಸಿರು ಬಿಗಿಹಿಡಿದೆವು.

ಅವರು ಪಂಚೆಯ ಅಂಚಿನಿಂದ ಒರೆಸಿ ಪುಟ ತಿರುಗಿಸಿದರು. "ಎತ್ತು ಸಿಕ್ತು ಕಣೆ," ಎಂದರು.

ಮಗಳು ಕಣ್ಣು ಮುಚ್ಚಿಕೊಂಡು ನಕ್ಕಳು. ನಾನು ಎಂಜಲು ಕೈ ತೊಳೆದು ಬಂದು ಮಗುವಿನ ಕಿವಿ ಮುಟ್ಟಿ ನೋಡಿದೆ, ಒಂದಾದ ಮೇಲೊಂದು. ಒಣಗಿದ್ದವು. ಅಳಿಯನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.