ದೋಣಿಯೋ, ಟೀ ಅಂಗಡಿಯೋ

ಆರಿಸುವ ವಿಷಯದಲ್ಲಿ ನನ್ನನ್ನು ಮೀರಿಸುವವರು ನ್ಯಾಮತಿ ತಾಲ್ಲೂಕಿನಲ್ಲೇ ಇಲ್ಲ! ಪಂಪ್‌ಸೆಟ್ ಅಂಗಡಿ ಇಟ್ಟವನು ನಾನು. ಬಂದವರು ಬಾಯಿ ತೆರೆಯುವ ಮೊದಲೇ ಯಾವ ಮೋಟರ್ ಬೇಕೆಂದು ಹೇಳಿಬಿಡುತ್ತೇನೆ. ಮನೆಯಲ್ಲೂ ಅಷ್ಟೆ. ಫ್ರಿಜ್ಜು, ಗೋಡೆಯ ಬಣ್ಣ, ಹೆಂಡತಿಯ ಹಬ್ಬದ ಸೀರೆ, ಎಲ್ಲ ನನ್ನದೇ ಆಯ್ಕೆ. ಹೀಗಿರುವಾಗ ಹೆಂಡತಿ ದುರ್ಗಾಂಬಿಕಾ ಒಂದು ಕಂಪ್ಯೂಟರ್ ಗೇಮ್ ಬೇಕು ಅಂದಾಗ, "ಆ ಭಾರ ನನಗಿರಲಿ" ಅಂದೆ.

ಅವಳು ಹೊನ್ನಾಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲೇ ಇರುವ ತಂಗಿ ಅರ್ಪಿತಾಳ ಮನೆಯಲ್ಲಿ ಅಂಥ ಆಟ ನೋಡಿ ಬಂದಿದ್ದಳು.

"ಚಿತ್ರ ಎಲ್ಲಾ ಕಸೂತಿ ಹಾಕಿದಂಗೆ ಚೌಕ ಚೌಕ ಐತ್ರೀ. ಒಳಗೆ ಒಂದು ಕತೆ ನಡೀತಿರ್ತೈತೆ. ಊಟ ಆದ ಮ್ಯಾಲೆ ಇಬ್ಬರೂ ಕೂತು ಆಡಬಹುದು. ಹೆಂಗೂ ನಾವು ಮಾತಾಡಲ್ಲ."

ಕೊನೆಯ ಮಾತು ನನಗೆ ಕೇಳಿಸಲಿಲ್ಲ ಅಂತಲೇ ಇಟ್ಟುಕೊಳ್ಳಿ.

ಅರ್ಪಿತಾ ಎರಡು ಆಟ ಸೂಚಿಸಿದಳು. ಒಂದರಲ್ಲಿ ಗಂಡನ ಮನೆ ಬಿಟ್ಟು, ಕಾಣೆಯಾದ ಅಣ್ಣನನ್ನು ಹುಡುಕುತ್ತ ದೋಣಿಯಲ್ಲಿ ಹೊರಟ ಹೆಂಗಸು. ಇನ್ನೊಂದರಲ್ಲಿ ರೈಲೇ ಬಾರದ ಸ್ಟೇಷನ್ನಿನಲ್ಲಿ ಟೀ ಅಂಗಡಿ ಮುಚ್ಚದೆ ಕೂತ ಮುದುಕ.

"ನಂಗೆ ದೋಣೀದು ಇಷ್ಟ ಆತು," ಅಂದಳು ದುರ್ಗಾ.

"ಇಷ್ಟ ಆದ್ರೆ ಸಾಲದು. ಪರೀಕ್ಷೆ ಮಾಡಿ ತಗೋಬೇಕು."

ಪರೀಕ್ಷೆಯೆಂದರೆ ಬೇರೆಯವರು ಆಡಿದ ವಿಡಿಯೋ. ಅಂಗಡಿಯಲ್ಲಿ ಕೂತು ಎರಡನ್ನೂ ಆದ್ಯಂತ ನೋಡಿದೆ. ಗಿರಾಕಿ ಹನುಮಂತಪ್ಪನವರು ಮೋಟರ್ ಕೇಳಿದರೆ, ಫೋನಿನಿಂದ ಕಣ್ಣೆತ್ತದೆ, "ಮುದುಕ ಉಳಿಯಲ್ಲ" ಅಂದುಬಿಟ್ಟೆ. ಅವರಪ್ಪ ಅಂದೇ ಆಸ್ಪತ್ರೆ ಸೇರಿದ್ದರಂತೆ. ಮೋಟರನ್ನು ಎದುರಿನ ಅಂಗಡಿಯಲ್ಲಿ ಕೊಂಡರು.

ತಿಂಗಳ ಸಂಶೋಧನೆಯ ನಂತರ ದೋಣಿಯನ್ನೇ ಕೊಂಡೆ. ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಆಟದೊಳಗಿನ ದಡದಲ್ಲಿ ಒಬ್ಬ ಪೋಸ್ಟ್‌ಮ್ಯಾನ್ ಕಂಡ.

"ಅವನನ್ನ ನಂಬಬ್ಯಾಡ. ಅವನೇ ಕಳ್ಳ," ಅಂದೆ.

ಅವಳ ಕೈ ನಿಂತಿತು. "ಹೇಳಬ್ಯಾಡ್ರಿ."

"ಟೈಮ್ ಉಳಿಸ್ತಿದೀನಿ ಕಣೇ. ಅಣ್ಣ ಸಿಗಲ್ಲ. ಸತ್ತಿರ್ತಾನೆ."

"ಹಂಗಾದ್ರೆ ಇನ್ನೊಂದು ಆಟ ತಗೊಳ್ರಿ."

"ಅದರಾಗೆ ಮುದುಕ ಸಾಯ್ತಾನೆ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಮದುವೆ ಆದಾಗಿಂದ ನೀವು ತಂದ ಬಣ್ಣಾನೇ ಉಟ್ಟೀನಿ," ಅಂದಳು. "ಇದೊಂದು ಕತೆ ನಾನೇ ನೋಡಾಣ ಅಂದ್ಕೊಂಡಿದ್ದೆ."

ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿಂದಾಚೆಗೆ ಒಬ್ಬಳೇ ಆಡಿದಳು.

ಒಂದು ಬೆಳಗ್ಗೆ ಆಟ ಮುಗಿಸಿ ಎದ್ದಾಗ ಅವಳ ಕಣ್ಣು ಕೆಂಪಗಿತ್ತು. ಸಮಾಧಾನ ಮಾಡೋಣವೆಂದು ಹೇಳಿದೆ: "ಹೋಗ್ಲಿ ಬಿಡು, ಕೊನೆಗೆ ಆಕೆ ಗಂಡನ ಮನೆಗೆ ವಾಪಸ್ ಬರ್ತಾಳಲ್ಲ."

"ಬರಲ್ಲ."

"ಬರ್ತಾಳೆ. ನಾನೇ ಕಣ್ಣಾರೆ ನೋಡೀನಿ."

"ನೀವು ನೋಡಿದ್ದು ಬೇರೆಯೋರ ಆಟ. ದೋಣಿ ಯಾವ ಕಡೆ ತಿರುಗಿಸ್ಬೇಕು ಅಂತ ಕೊನೆಗೆ ಆಡೋರನ್ನೇ ಕೇಳ್ತೈತೆ. ನಾನು ಆರಿಸಿದೆ."

ಅಷ್ಟು ಹೇಳಿ ಡ್ಯೂಟಿಗೆ ಹೊರಟಳು.

ಸಂಜೆ ಅಂಗಡಿ ಬೇಗ ಮುಚ್ಚಿ ಬಸ್ ಸ್ಟ್ಯಾಂಡಿಗೆ ಹೋದೆ. ಹೊನ್ನಾಳಿ ಬಸ್ಸಿನಿಂದ ಇಳಿಯುವವರ ಮುಖಗಳನ್ನೆಲ್ಲ ಹುಡುಕುತ್ತ ನಿಂತೆ. ಎಲ್ಲರಿಗಿಂತ ಕೊನೆಗೆ ಇಳಿದಳು.

"ಯಾಕ್ರೀ ಬಂದ್ರಿ?"

"ಕೈಯಾಗೆ ಭಾರ ಇರ್ತೈತಲ್ಲ, ಹಿಡ್ಕೊಳ್ಳಾಕೆ ಬಂದೆ."

ಅವಳ ಕೈಯಲ್ಲಿದ್ದದ್ದು ಖಾಲಿ ಟಿಫನ್ ಡಬ್ಬಿ ಒಂದೇ. ಅದನ್ನೂ ಕೊಡಲಿಲ್ಲ.