ಮನೆಯಿಲ್ಲದ ಬಾಗಿಲು

ಹುಮನಾಬಾದಿನಲ್ಲಿ ನಮ್ಮ ಸೋದರಮಾವನಿಗಿದ್ದಂಥ ಬಾಗಿಲು ಆ ಕಾಲದ ಯಾವ ಸಾಹುಕಾರನಿಗೂ ಇರಲಿಲ್ಲ. ಮನೆಯೇ? ಛೇ, ಅದೊಂದು ಇರಲಿಲ್ಲ!

ಮಾವ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರು. ಸುತ್ತಲ ಹಳ್ಳಿಗಳ ತೊಗರಿ, ಬೆಲ್ಲವೆಲ್ಲ ಗಾಡಿಗಟ್ಟಲೆ ಬಂದು ಬೀಳುತ್ತಿದ್ದ ಪೇಟೆ ಅದು. ವ್ಯಾಪಾರಿಗಳು ಮಾಳಿಗೆಯ ಮೇಲೆ ಮಾಳಿಗೆ ಏರಿಸುತ್ತಿದ್ದರು. ಅವರ ಚೀಲ ತೂಗಿಸಿ ಬರೆದಿಡುವ ಮಾವ ಮಾತ್ರ ಬಾಡಿಗೆಯ ಒಂಟಿ ಖೋಲಿಯಲ್ಲಿದ್ದರು. ಮದುವೆಯಾದ ಹೊಸತರಲ್ಲಿ ಅತ್ತೆ ಅವರನ್ನು ಕೇಳಿದ್ದು ಒಂದೇ: ಬೆಳಿಗ್ಗೆ ಎದ್ದು ಪೂಜೆ ಮಾಡಲು ತನ್ನದೇ ಆದ ಹೊಸ್ತಿಲು. ಬಾಡಿಗೆಮನೆಯ ಹೊಸ್ತಿಲಿಗೆ ಅರಿಶಿನ ಹಚ್ಚಿದರೆ ಪುಣ್ಯವೆಲ್ಲ ಮಾಲೀಕನಿಗೆ ಹೋಗುತ್ತದೆಂದು ಅವಳ ತಕರಾರು.

ಹೆಂಡತಿಯ ಮಾತು ತೆಗೆದುಹಾಕುವವರೇ ನಮ್ಮ ಮಾವ? ಜಾಗ ನೋಡಲು ಹೊರಟರು. ಕೂಡಿಟ್ಟ ಹಣ ಜಾಗಕ್ಕೆ ಸಾಲಲಿಲ್ಲ. ಅಷ್ಟರಲ್ಲಿ ಬಸವಕಲ್ಯಾಣದಲ್ಲಿ ಹಳೆಯ ವಾಡೆಯೊಂದನ್ನು ಬಿಚ್ಚುತ್ತಿದ್ದಾರೆಂಬ ಸುದ್ದಿ ಬಂತು. ವಾರದೊಳಗೆ ಎತ್ತಿನ ಗಾಡಿಯಲ್ಲಿ ಸಾಗವಾನಿ ಬಾಗಿಲೇ ಬಂದಿಳಿಯಿತು: ಆಳೆತ್ತರಕ್ಕಿಂತ ಎತ್ತರದ ಚೌಕಟ್ಟು, ದಪ್ಪ ಹೊಸ್ತಿಲು, ಹಿತ್ತಾಳೆಯ ಮೊಳೆ ಬಡಿದ ಎರಡು ಕದ.

“ಗ್ವಾಡಿ ಎಲ್ಲವರಿ?” ಎಂದಳಂತೆ ಅತ್ತೆ.

“ಗ್ವಾಡಿ ಅಂದ್ರ ಮಣ್ಣು, ಎಲ್ಲಿ ಬೇಕಲ್ಲಿ ಸಿಗ್ತದ. ಇಂಥಾ ಬಾಗಲಾ ಸಿಗ್ತದೇನು?” ಎಂದರಂತೆ ಮಾವ.

ಅದು ಆ ಖೋಲಿಯೊಳಗೆ ಹೇಗೆ ಹೋಯಿತೋ ಶಿವನಿಗೇ ಗೊತ್ತು! ಅಂತೂ ಗೋಡೆಗೆ ಒರಗಿ ನಿಂತಿತು. ಮಾಲೀಕನ ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬಂದವರಿಗೆ ಎದುರಿಗೇ ಅರಮನೆಯ ಬಾಗಿಲು. ಮುಡಬಿಯಿಂದ ಬಂದ ಬೀಗರೊಬ್ಬರು ಅದರಾಚೆ ಇನ್ನೊಂದು ಖೋಲಿ ಇದೆಯೆಂದುಕೊಂಡು ಕದ ಎಳೆದು, ಗೋಡೆಗೆ ಹಣೆ ಬಡಿಸಿಕೊಂಡರು. ಬೀಗರ ಹಣೆ ಹೋಗಲಿ, ಬಾಗಿಲು ಮಾಲೀಕನ ಕಣ್ಣಿಗೂ ಬಿತ್ತು. ಇಂಥ ಬಾಗಿಲು ಇಟ್ಟುಕೊಂಡವರಿಗೆ ಇನ್ನಷ್ಟು ಬಾಡಿಗೆ ಏನು ಭಾರ ಎಂದು ಏರಿಸಿಯೇ ಬಿಟ್ಟ!

ಮನೆ ಬದಲಾಯಿತು. ಆಮೇಲೆ ಬದಲಾಗುತ್ತಲೇ ಹೋಯಿತು. ಯುದ್ಧ ನಡೆದದ್ದು ಎಲ್ಲೋ, ಬಾಡಿಗೆ ಏರಿದ್ದು ಹುಮನಾಬಾದಿನಲ್ಲಿ. ಪ್ರತಿ ಸಲವೂ ಗಾಡಿಗೆ ಮೊದಲು ಬಾಗಿಲು, ಆಮೇಲೆ ಪಾತ್ರೆಪಡಗ, ಎಲ್ಲದರ ಮೇಲೆ ಅತ್ತೆ. ಆದರೆ ಆ ಒರಗಿ ನಿಂತ ಹೊಸ್ತಿಲಿಗೆ ಅವಳು ಒಂದು ದಿನವೂ ಅರಿಶಿನ ಹಚ್ಚಲಿಲ್ಲ. ದಾಟದ ಹೊಸ್ತಿಲಿಗೆ ಎಂಥ ಪೂಜೆ ಎನ್ನುತ್ತಿದ್ದಳು. ಮಾವನ ಪಗಾರವೇನೋ ಏರುತ್ತಿತ್ತು. ಅದು ಏರಿದ ಹಾಗೆಲ್ಲ ಅವರ ಕೈಗೆಟಕುವ ಜಾಗ ದೂರ ಸರಿಯುತ್ತಿತ್ತು. ಮೊದಲು ಪೇಟೆಯ ಹಿಂದೆ ಇದ್ದದ್ದು ಹಳ್ಳದಾಚೆ ಹೋಯಿತು, ಅಲ್ಲಿಂದ ಬಸವಕಲ್ಯಾಣದ ದಾರಿಯ ಹೊಲಗಳ ನಡುವೆ ಹೋಗಿ ಕೂತಿತು. “ಹಿಂಗ ಸರಕೋತ ಹೋದ್ರ ಬಾಗಲಾ ತಂದ ಊರಿಗೇ ಮುಟ್ತೀವಿ” ಎಂದು ಅತ್ತೆ ನಗುತ್ತಿದ್ದಳು. ಆ ನಗು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಾನು ಮದುವೆಯಾಗಿ ಅದೇ ಊರಿಗೆ ಬಂದ ವರ್ಷ ಅತ್ತೆಗೆ ಕೆಮ್ಮು ಹಿಡಿಯಿತು. ಬಿಡಲಿಲ್ಲ. ವೈದ್ಯರು ಒಂದು ದಿನ ಮಾವನನ್ನು ಹೊರಗೆ ಕರೆದು ಮೆಲ್ಲಗೆ ಏನೋ ಹೇಳಿ ಹೋದರು. ಮಾವ ಒಳಬಂದು ಬಾಗಿಲಿಗೆ ಎಣ್ಣೆ ಹಚ್ಚುತ್ತ ಕೂತರು. ಈಗಲೂ ಅದರದೇ ಧ್ಯಾನವೇ ಎಂದು ನಾನು ರೇಗಿದೆ. ಅವರು ಎಣ್ಣೆಯ ಬಟ್ಟಲು ಕೆಳಗಿಟ್ಟು ಹೊರಗೆ ಹೋದರು.

ಮರುದಿನ ಬೆಳಿಗ್ಗೆ ಗಾಡಿ ಬಂತು. ಕೊನೆಯ ಸಲ ನೋಡಿ, ಕೈಲಾಗದೆ ಬಿಟ್ಟುಬಂದಿದ್ದ ಹೊಲದ ಜಾಗವನ್ನು ಮಾವ ಒಂದು ಹೊತ್ತಿನ ಮಟ್ಟಿಗೆ ಕೇಳಿಕೊಂಡಿದ್ದರು. ಹೊಲದವನು ಬಾಡಿಗೆ ಕೇಳಲಿಲ್ಲ. ಕೊಯ್ದ ಜೋಳದ ಕೂಳೆಯ ನಡುವೆ ಮಾವನೂ ಗಾಡಿಯವನೂ ಕುಣಿ ತೋಡಿ, ಕಲ್ಲು ಒತ್ತು ಕೊಟ್ಟು ಚೌಕಟ್ಟು ನಿಲ್ಲಿಸಿ ಕದ ಕೂಡಿಸಿದರು. ಸುತ್ತ ಬಯಲು, ನಡುವೆ ಬಾಗಿಲು. ದಾರಿಹೋಕರು ನಗುತ್ತ ಹೋದರು. ನಗದೆ ಏನು ಮಾಡಿಯಾರು?

ಅತ್ತೆಯನ್ನು ಗಾಡಿಯಿಂದ ಇಳಿಸಿದೆವು. ಅವಳು ಹೊಸ್ತಿಲಿಗೆ ನಿಧಾನವಾಗಿ ಅರಿಶಿನ ಹಚ್ಚಿ ಕುಂಕುಮ ಇಟ್ಟಳು. ನನ್ನ ತೋಳು ಬಿಟ್ಟು, ಮಾವನ ಕೈ ಹಿಡಿದು, ಬಲಗಾಲಿಟ್ಟು ಒಳಗೆ ಹೋದಳು. ಹೌದು, ಒಳಗೆ ಎಂದೇ ಅನ್ನುತ್ತೇನೆ.

“ಹ್ಯಾಂಗದ ಮನಿ?” ಎಂದರು ಮಾವ.

“ಗಾಳಿ ಛಲೋ ಬರ್ತದರಿ.” ಅತ್ತೆ ಸುತ್ತಲೂ ನೋಡಿ, ಸ್ವಲ್ಪ ದಮ್ಮು ತೆಗೆದುಕೊಂಡಳು. “ಬಾಗಲಾ ಮುಂದ ಮಾಡ್ರಿ. ನಾಯಿ ಒಳಗ ಬರ್ತಾವ.”

ಮಾವ ಕದ ಮುಚ್ಚಿದರು. ಹೊರಗೆ ನಾನು ಮತ್ತು ಗಾಡಿಯವನು ಉಳಿದೆವು. ಪಕ್ಕಕ್ಕೆ ತುಸು ಸರಿದರೆ ಅವರಿಬ್ಬರೂ ಕಾಣುತ್ತಿದ್ದರು. ನಾವು ಸರಿಯಲಿಲ್ಲ. ಮಾವ ಅಳುವುದು ಕೇಳಿಸಿತು. ಅತ್ತೆ ಅವರನ್ನು ಮೆಲ್ಲಗೆ ಬೈದು ಸುಮ್ಮನಾಗಿಸುವುದೂ ಕೇಳಿಸಿತು.

ಆ ಬೇಸಿಗೆ ಮುಗಿಯುವುದರೊಳಗೆ ಅತ್ತೆ ಹೋದಳು. ಪಾಪ, ಸ್ವಂತ ಮನೆ ಕಾಣದೆ ಹೋದಳು ಎಂದು ನೆಂಟರು ಈಗಲೂ ಮರುಗುತ್ತಾರೆ. ನಾನು ಒಪ್ಪುವುದಿಲ್ಲ. ಆ ಮನೆಯ ಬಾಗಿಲು ಮುಂದೆ ಮಾಡಿದಾಗ ಹೊರಗೆ ನಿಂತವಳು ನಾನು.